ಬದಲಾದದ್ದನ್ನಷ್ಟೇ ಕಾಣುವ ಕಣ್ಣು

ಕ್ಯಾಮರಾ ಎಂದೊಡನೆ ನಮಗೆಲ್ಲ ನೆನಪಾಗುವುದು ಫೋಟೋ. ಮದುವೆ, ಮುಂಜಿ, ನಾಮಕರಣ, ಸಂಘದ ಯುಗಾದಿ ಸಮಾರಂಭ, ಎಲ್ಲದಕ್ಕೂ ಫೋಟೋ ಬೇಕು. ವೀಡಿಯೋ ಎಂದರೂ ಅಷ್ಟೇ. ಸೆಕೆಂಡಿಗೆ 25 ಅಥವಾ 30 ಫೋಟೋಗಳನ್ನು ಒಂದರ ಹಿಂದೊಂದರಂತೆ ತೆಗೆದು ಓಡಿಸುವುದು. ಆದರೆ ಫೋಟೋವನ್ನೇ ತೆಗೆಯದ ಒಂದು ಬಗೆಯ ಕ್ಯಾಮರಾ ಈಗ ಬಂದಿದೆ. ಅದನ್ನು ‘ಈವೆಂಟ್ ಕ್ಯಾಮರಾ’ ಎನ್ನುತ್ತಾರೆ. ರೋಬಾಟುಗಳಿಗೆ ಕಣ್ಣು ಕೊಟ್ಟು, ದಾರಿ ಕಂಡುಕೊಂಡು ಓಡಾಡುವುದನ್ನು ಕಲಿಸುವ ಸಂಶೋಧನೆಯಲ್ಲಿ ಇದಕ್ಕೆ ಬಹಳ ಬೇಡಿಕೆ.

ನಮ್ಮ ಸಂಘದಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಅವರಲ್ಲಿ ಕೆಲವರಿಗೆ ಮುಂದಿನ ಒಂದೆರಡು ಪುಟ ಗೊತ್ತಿದ್ದ ವಿಷಯವೇ ಆಗಿರಬಹುದು. ಅವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಉಳಿದವರು ‘ಇದು ಯಂತ್ರದ ವಿಷಯ, ನಮಗಲ್ಲ’ ಎಂದು ಪುಟ ಮಗುಚಬಾರದು. ಈ ಕ್ಯಾಮರಾದ ನೆಪದಲ್ಲಿ ನಾವು ಮಾತಾಡಲು ಹೊರಟಿರುವುದು ಮನುಷ್ಯರ ವಿಷಯವನ್ನೇ. ಗಮನ ಎಂದರೇನು? ಗಮನಿಸುವುದು ಯಾವಾಗ ಕರ್ತವ್ಯವಾಗುತ್ತದೆ? ಏನೂ ಬದಲಾಗದೆ, ಏನೂ ಸದ್ದು ಮಾಡದೆ ಇರುವವರಿಗೆ ನಮ್ಮ ಗಮನದಲ್ಲಿ ಪಾಲು ಉಂಟೋ ಇಲ್ಲವೋ?

ಮೊದಲು ಯಂತ್ರ. ಮಾಮೂಲಿ ಕ್ಯಾಮರಾ ಹಳೆಯ ಕಾಲದ ಒಬ್ಬ ಗುಮಾಸ್ತನ ಹಾಗೆ. ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವೂ ಮಾರಾಟವಾಗದಿದ್ದರೂ, ಗಂಟೆ ಹೊಡೆದೊಡನೆ ಇಡೀ ದಾಸ್ತಾನನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಬರೆಯುತ್ತಾನೆ. ಲೆಡ್ಜರು ತುಂಬುತ್ತದೆ, ಮಸಿ ಮುಗಿಯುತ್ತದೆ, ಹೊಸ ವಿಷಯ ಮಾತ್ರ ಏನೂ ಇಲ್ಲ. ಇನ್ನೊಂದು ಕಡೆ, ಎರಡು ಗಂಟೆಗಳ ನಡುವೆ ಕಳ್ಳ ಬಂದು ಹೋದರೆ ಅದು ಅವನ ಗಮನಕ್ಕೆ ಬರುವುದೇ ಇಲ್ಲ. ಖಾಲಿ ಗೋಡೆಯನ್ನು ಸೆಕೆಂಡಿಗೆ 30 ಸಲ ಬರೆದುಕೊಳ್ಳುವ ಕ್ಯಾಮರಾ, ಎರಡು ಚಿತ್ರಗಳ ನಡುವೆ ಹಾರಿ ಹೋದ ಚೆಂಡನ್ನು ಕಾಣದೆ ಹೋಗುವುದು ಹೀಗೆಯೇ.

ಈವೆಂಟ್ ಕ್ಯಾಮರಾದಲ್ಲಿ ಇಂಥ ಗುಮಾಸ್ತನಿಲ್ಲ. ಅಲ್ಲಿ ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಪಾಡಿಗೆ ತಾನು ಕೂತ ಕಾವಲುಗಾರ. ತನ್ನ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂದು ಅದು ಹೇಳುವುದಿಲ್ಲ. ಹಿಂದಿನ ಸಲ ವರದಿ ಕೊಟ್ಟಾಗ ಇದ್ದ ಬೆಳಕನ್ನು ನೆನಪಿಟ್ಟುಕೊಂಡಿರುತ್ತದೆ. ಈಗಿನ ಬೆಳಕು ಅದಕ್ಕಿಂತ ಒಂದು ಗೊತ್ತಾದ ಪ್ರಮಾಣದಷ್ಟು, ಸಾಮಾನ್ಯವಾಗಿ ಶೇಕಡಾ 10ರಿಂದ 50ರೊಳಗೆ, ಹೆಚ್ಚಿದರೆ ಅಥವಾ ತಗ್ಗಿದರೆ ಮಾತ್ರ ಒಂದು ಚೀಟಿ ಕಳಿಸುತ್ತದೆ. ಚೀಟಿಯಲ್ಲಿ ಇರುವುದು ಮೂರೇ ವಿಷಯ: ಯಾವ ಜಾಗ, ಯಾವ ಗಳಿಗೆ, ಬೆಳಕು ಏರಿತೋ ಇಳಿಯಿತೋ. ಗಳಿಗೆ ಎಂದರೆ ನಮ್ಮ ಪಂಚಾಂಗದ ಗಳಿಗೆಯಲ್ಲ. ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದರ ಲೆಕ್ಕ. ಏನೂ ಬದಲಾಗದಿದ್ದರೆ ಚೀಟಿಯೇ ಇಲ್ಲ, ಪೂರ್ಣ ಮೌನ.

ಇದರ ಮೂಲ ಇರುವುದು ಜೀವಿಗಳ ಕಣ್ಣಿನಲ್ಲಿ. ಮನುಷ್ಯನ ಕಣ್ಣಿನ ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಬೆಳಕನ್ನು ಹಿಡಿಯುವ ಜೀವಕೋಶಗಳು ಹತ್ತು ಕೋಟಿಗೂ ಹೆಚ್ಚು. ಅಲ್ಲಿಂದ ಮಿದುಳಿಗೆ ಹೋಗುವ ನರದ ಎಳೆಗಳಾದರೋ ಸುಮಾರು ಹತ್ತು ಲಕ್ಷ ಮಾತ್ರ. ಎಲ್ಲವನ್ನೂ ಕಳಿಸಲು ದಾರಿಯೇ ಇಲ್ಲ, ಆರಿಸಿ ಕಳಿಸಬೇಕು. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಕಾರ್ವರ್ ಮೀಡ್ ಎಂಬ ಪ್ರಾಧ್ಯಾಪಕರೂ ಅವರ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಅವರೂ ಈ ಉಪಾಯವನ್ನು ಸಿಲಿಕಾನ್ ಚಿಪ್ಪಿನಲ್ಲಿ ಅನುಸರಿಸಲು ಹೊರಟರು. 1991ರ ಮೇ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ‘ಸಿಲಿಕಾನ್ ರೆಟಿನಾ’ದ ಲೇಖನ ಬಂತು, ಆ ಕೃತಕ ಕಣ್ಣು ಕಂಡ ಬೆಕ್ಕಿನ ಚಿತ್ರ ಆ ಸಂಚಿಕೆಯ ಮುಖಪುಟವಾಯಿತು. ಮಹೋವಾಲ್ಡ್ ಮುಂದೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಹೋದರು. 1996ರಲ್ಲಿ, ಕೇವಲ 33ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಹಾಕಿದ ದಾರಿಯಲ್ಲಿ ಉಳಿದವರು ನಡೆದರು. 2008ರಲ್ಲಿ ಲಿಕ್ಟ್‌ಸ್ಟೈನರ್, ಪೋಶ್, ಡೆಲ್‌ಬ್ರೂಕ್ ಎಂಬ ಮೂವರು 128ಕ್ಕೆ 128 ಪಿಕ್ಸೆಲ್ಲುಗಳ ಸೆನ್ಸರಿನ ವಿವರ ಪ್ರಕಟಿಸಿದರು. ಇಂದಿನ ಈವೆಂಟ್ ಕ್ಯಾಮರಾಗಳೆಲ್ಲ ಹೆಚ್ಚುಕಡಿಮೆ ಅದರ ಸಂತಾನ. 2021ರಲ್ಲಿ ಸೋನಿ ಕಂಪನಿಯೂ ಪ್ಯಾರಿಸ್ಸಿನ ಪ್ರೊಫೆಸೀ ಕಂಪನಿಯೂ ಸೇರಿ 1280ಕ್ಕೆ 720 ಪಿಕ್ಸೆಲ್ಲುಗಳ ಸೆನ್ಸರನ್ನು ಹೊರತಂದವು.

ಇದರ ಚುರುಕು ನೋಡಿದರೆ ಬೆರಗಾಗುತ್ತದೆ. ಜ್ಯೂರಿಕ್ಕಿನಲ್ಲಿ ಒಂದು ಪುಟ್ಟ ಗೋಲಿ ರೋಬಾಟನ್ನು ಮಾಡಿದರು. ಉರುಳಿ ಬರುವ ಚೆಂಡಿಗೆ ಅದು 3 ಮಿಲಿಸೆಕೆಂಡಿನಲ್ಲಿ ಕೈ ಅಡ್ಡ ಹಿಡಿಯಲು ಹೊರಡುತ್ತದೆ. ಅದೇ ನಗರದ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಕಾರಮುಝ್ಝಾ ಅವರ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾರುತ್ತಿರುವ ಡ್ರೋನಿನ ಮೇಲೆ ಚೆಂಡು ಎಸೆದರೆ ಅದು 3.5 ಮಿಲಿಸೆಕೆಂಡಿನಲ್ಲಿ ಅಪಾಯವನ್ನು ಅರಿತು ಪಕ್ಕಕ್ಕೆ ಸರಿಯುವ ಆಜ್ಞೆ ಪಡೆಯುತ್ತದೆ. ನಾವು ಒಮ್ಮೆ ಕಣ್ಣು ಮಿಟುಕಿಸಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಕತ್ತಲೆಯ ಸುರಂಗದಿಂದ ಬಿಸಿಲಿಗೆ ಬಂದಾಗ ಮಾಮೂಲಿ ಕ್ಯಾಮರಾಕ್ಕೆ ಕಣ್ಣು ಕುಕ್ಕುವ ಕಡೆಯಲ್ಲೂ ಇದಕ್ಕೆ ತೊಂದರೆಯಿಲ್ಲ. 2021ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಮತ್ತು ಅಮೆರಿಕದ ಸಂಶೋಧಕರು ಇಂಥ ಕ್ಯಾಮರಾಗಳನ್ನು ಅಂತರಿಕ್ಷ ನಿಲ್ದಾಣಕ್ಕೂ ಕಳಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳಬರ ಬಾಯಲ್ಲಿ ಇನ್ನೂ ‘ಟಾಟಾ ಇನ್ಸ್ಟಿಟ್ಯೂಟ್’) ಈ ಕ್ಯಾಮರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, 50 ನ್ಯಾನೋಮೀಟರಿಗಿಂತ ಚಿಕ್ಕ ವಸ್ತುಗಳ ಜಾಗವನ್ನು ಗುರುತಿಸುವ ವಿಧಾನವನ್ನು 2023ರಲ್ಲಿ ಪ್ರಕಟಿಸಿದ್ದಾರೆ ಎಂಬುದು ಕನ್ನಡನಾಡಿನವರಿಗೆ ಸಂತೋಷದ ಸಂಗತಿ.

ಇಷ್ಟೆಲ್ಲ ಇದ್ದರೂ ಈ ಕಣ್ಣಿಗೆ ಒಂದು ಊನವಿದೆ. ಕ್ಯಾಮರಾವೂ ನಿಂತಿದೆ, ಎದುರಿನದೂ ನಿಂತಿದೆ, ಬೆಳಕೂ ಸ್ಥಿರವಾಗಿದೆ ಎಂದುಕೊಳ್ಳಿ. ಆಗ ಅದಕ್ಕೆ ಏನೂ ಕಾಣದು. ಎದುರಿಗೆ ಮೈಸೂರು ಅರಮನೆಯೇ ಇದ್ದರೂ ಇಲ್ಲದ ಹಾಗೆ.

ಈ ಊನ ಯಂತ್ರಕ್ಕೆ ಮಾತ್ರ ಅಂಟಿದ್ದಲ್ಲ. 1959ರಲ್ಲಿ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಕಪ್ಪೆಯ ಸುತ್ತ ಸತ್ತ ನೊಣಗಳನ್ನು ರಾಶಿ ಹಾಕಿದರೂ, ಅವು ಅಲುಗದಿದ್ದರೆ ಅದು ಹಸಿವಿನಿಂದ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಅದಕ್ಕೆ ಆಹಾರ ಎಂದರೆ ಅಲುಗುವ ಆಹಾರ. ಕಪ್ಪೆಯನ್ನು ಕಂಡು ನಗುವ ಮೊದಲು ನಮ್ಮ ಕಣ್ಣನ್ನೇ ಪರೀಕ್ಷಿಸೋಣ. ಟ್ರಾಕ್ಸ್‌ಲರ್ ಎಂಬ ಸ್ವಿಸ್ ವೈದ್ಯ 1804ರಲ್ಲೇ ಕಂಡುಕೊಂಡದ್ದಿದು: ಒಂದು ಚುಕ್ಕೆಯನ್ನು ಕದಲದೆ ದಿಟ್ಟಿಸುತ್ತಿದ್ದರೆ, ಅದರ ಆಚೀಚೆ ಇರುವ ಮಸುಕಾದ ಬಣ್ಣಗಳು ಕೆಲವು ಸೆಕೆಂಡಿನಲ್ಲಿ ಮಾಯವಾಗಿಬಿಡುತ್ತವೆ. 1950ರ ದಶಕದಲ್ಲಿ ವಿಜ್ಞಾನಿಗಳು ಕಣ್ಣಿನ ಜೊತೆಗೇ ಚಿತ್ರವೂ ಚಲಿಸುವಂತೆ, ಅಂದರೆ ರೆಟಿನಾದ ಮೇಲೆ ಅದು ಒಂದೇ ಕಡೆ ನಿಲ್ಲುವಂತೆ ಮಾಡಿ ನೋಡಿದರು. ಇಡೀ ಚಿತ್ರವೇ ಕರಗಿ ಹೋಯಿತು.

ಹಾಗಾದರೆ ಎದುರಿನ ಗೋಡೆ, ಮೇಜು, ದೇವರ ಪಟ ನಮಗೆ ದಿನವಿಡೀ ಕಾಣುತ್ತಿರುವುದು ಹೇಗೆ? ನಮ್ಮ ಕಣ್ಣುಗುಡ್ಡೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಾವು ದಿಟ್ಟಿಸಿ ನೋಡುತ್ತಿದ್ದೇವೆ ಎಂದುಕೊಂಡಾಗಲೂ ಅದು ಸಣ್ಣಗೆ ನಡುಗುತ್ತ, ಪುಟ್ಟ ಪುಟ್ಟ ಹಾರಿಕೆ ಹಾರುತ್ತ ಇರುತ್ತದೆ. ಎದುರಿನದು ಅಲುಗದಿದ್ದರೆ ಕಣ್ಣೇ ಅಲುಗುತ್ತದೆ, ಅದರಿಂದ ಲೋಕ ಕಾಣುತ್ತದೆ. ಈ ಗುಟ್ಟನ್ನು 2024ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಯಂತ್ರಕ್ಕೂ ಅಳವಡಿಸಿದರು. ಈವೆಂಟ್ ಕ್ಯಾಮರಾದ ಮುಂದೆ ಸದಾ ತಿರುಗುವ ಒಂದು ಗಾಜಿನ ಪಟ್ಟಕವನ್ನು ಇಟ್ಟರು. ಪಟ್ಟಕ ತಿರುಗಿದಂತೆ ಬಿಂಬ ಕದಲುತ್ತದೆ, ನಿಂತ ವಸ್ತುವಿನ ಅಂಚುಗಳೂ ಕಾಣತೊಡಗುತ್ತವೆ.

ಇಲ್ಲಿಂದ ಮುಂದೆ ನಮ್ಮ ವಿಷಯ. ಬದಲಾದದ್ದನ್ನು ಮಾತ್ರ ಗಮನಿಸುವುದು ಸರಿಯೇ?

ಸರಿ ಎನ್ನುವವರ ವಾದವನ್ನು ಮೊದಲು ಕೇಳೋಣ, ಏಕೆಂದರೆ ಅದು ಹಗುರವಾದ ವಾದವಲ್ಲ. ಮನುಷ್ಯನ ಗಮನಕ್ಕೆ ಮಿತಿ ಇದೆ. ಒಲೆಯ ಮೇಲಿನ ಹಾಲು, ರಸ್ತೆಗೆ ಓಡುವ ಮಗು, ಆಫೀಸಿನ ಗಡುವು ಎಲ್ಲವೂ ಒಂದೇ ಸಲ ಕೂಗಿದಾಗ, ಅಲುಗದೆ ಕೂತ ಕುರ್ಚಿಯನ್ನು ಯಾರು ನೋಡುತ್ತಾರೆ? ಎಲ್ಲವನ್ನೂ ಸಮನಾಗಿ ಗಮನಿಸಲು ಹೊರಟವನು ಆ ಗುಮಾಸ್ತನ ಹಾಗೆ, ಲೆಡ್ಜರು ತುಂಬಿಸುತ್ತಾನೆ, ಕಳ್ಳನನ್ನು ಬಿಡುತ್ತಾನೆ. ಇದಕ್ಕೆ ತತ್ತ್ವದ ಬೆಂಬಲವನ್ನೂ ಹುಡುಕಬಹುದು. ಬೌದ್ಧರ ಕ್ಷಣಿಕವಾದದ ಪ್ರಕಾರ ಇರುವುದೆಲ್ಲ ಕ್ಷಣಿಕವೇ. ಸ್ಥಿರವಾದ ಕಂಬ ಎಂಬುದು ಕ್ಷಣಕ್ಷಣದ ಘಟನೆಗಳ ಸಾಲಿಗೆ ನಾವು ಇಟ್ಟ ಹೆಸರು. ಅವರು ಇದ್ದಿದ್ದರೆ ಈ ಕ್ಯಾಮರಾವನ್ನು ತಮ್ಮ ಮತದ ಸಾಕ್ಷಿಯೆಂದು ಹಿಡಿದು ತೋರಿಸುತ್ತಿದ್ದರೋ ಏನೋ! ವೇದಾಂತಿಗಳದು ಇದಕ್ಕೆ ವಿರುದ್ಧ. ಮೂರು ಕಾಲದಲ್ಲೂ ಬಾಧೆಗೊಳ್ಳದೆ ಉಳಿಯುವುದೇ ಸತ್ಯ, ಬದಲಾಗುವುದು ತೋರಿಕೆ ಎನ್ನುವ ಅವರು ಕೇಳುತ್ತಿದ್ದರು: ಸತ್ಯವನ್ನೇ ಬಿಟ್ಟು ತೋರಿಕೆಯನ್ನು ಮಾತ್ರ ವರದಿ ಮಾಡುವ ಇದೆಂಥ ಕಣ್ಣು?

ಈ ಜಗಳವನ್ನು ತೀರ್ಮಾನಿಸುವ ಯೋಗ್ಯತೆ ನಮ್ಮ ಪತ್ರಿಕೆಗೆ ಇಲ್ಲ. ನಮಗೆ ಬೇಕಾದದ್ದು ಇನ್ನೂ ಹತ್ತಿರದ ಮಾತು. ನಮ್ಮಲ್ಲಿ ಬಹುತೇಕ ಎಲ್ಲ ಮನೆಗಳಿಗೂ ಊರಿನಲ್ಲಿ ಒಂದು ಜೋಡಿ ವೃದ್ಧ ಜೀವಗಳಿವೆ, ಅಥವಾ ಒಂಟಿಯಾಗಿ ಉಳಿದ ಒಬ್ಬರು. ಮಲ್ಲೇಶ್ವರದಲ್ಲೋ, ಧಾರವಾಡದಲ್ಲೋ, ಶಿವಮೊಗ್ಗದಲ್ಲೋ. ಅವರನ್ನು ದೂರದಿಂದ ಹೇಗೆ ನೋಡಿಕೊಳ್ಳುವುದು ಎಂಬುದು ನಮ್ಮ ಭೇಟಿಗಳಲ್ಲಿ ಬಿಸಿಬೇಳೆಭಾತಿನ ಜೊತೆಗೆ ತಪ್ಪದೆ ಬರುವ ವಿಷಯ. ‘ಮನೆಯಲ್ಲಿ ಕ್ಯಾಮರಾ ಹಾಕಿಸಿಬಿಡಿ’ ಎಂಬ ಸಲಹೆ ಈಗ ಸಾಮಾನ್ಯ. ಹಿರಿಯರ ಉತ್ತರವೂ ಅಷ್ಟೇ ಸಾಮಾನ್ಯ: ‘ನಾವೇನು ಜೈಲಿನಲ್ಲಿದ್ದೇವೇನಪ್ಪಾ? ಸೀರೆ ಸರಿಮಾಡಿಕೊಳ್ಳುವುದಕ್ಕೂ ಸಂಕೋಚಪಡಬೇಕೆ?’

ಇಲ್ಲಿ ಈವೆಂಟ್ ಕ್ಯಾಮರಾ ಒಂದು ಸಂಧಾನ ಸೂತ್ರದ ಹಾಗೆ ಬರುತ್ತದೆ. ಮುಖವಿಲ್ಲ, ಬಣ್ಣವಿಲ್ಲ, ಚಲನೆಯ ಚುಕ್ಕೆಗಳು ಮಾತ್ರ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ಬಿದ್ದರೆ ತಿಳಿಸುವ ಏರ್ಪಾಡಿಗೆ ಇಂಥ ಸೆನ್ಸರನ್ನು ಬಳಸುವ ಪ್ರಯೋಗಗಳು ಆಸ್ಟ್ರಿಯದ ವಿಯೆನ್ನಾದಲ್ಲಿ ನಡೆದಿವೆ. ಮಾನವೂ ಉಳಿಯಿತು, ರಕ್ಷಣೆಯೂ ಸಿಕ್ಕಿತು ಎಂದು ನಿಟ್ಟುಸಿರು ಬಿಡಬಹುದಿತ್ತು. ಆದರೆ ಆ ಚುಕ್ಕೆಗಳಿಂದಲೇ ಕಂಪ್ಯೂಟರಿನ ಸಹಾಯದಿಂದ ಮಾಮೂಲಿ ವೀಡಿಯೋದಂಥ ಚಿತ್ರವನ್ನು ಮತ್ತೆ ಕಟ್ಟಬಹುದು ಎಂದು 2019ರಲ್ಲಿ ಜ್ಯೂರಿಕ್ಕಿನ ಸಂಶೋಧಕರೇ ತೋರಿಸಿಕೊಟ್ಟರು. ಅಂದರೆ ಮರ್ಯಾದೆ ಕ್ಯಾಮರಾದ ಗುಣದಲ್ಲಿಲ್ಲ. ಚುಕ್ಕೆಗಳು ಯಾರ ಕೈಗೆ ಹೋಗುತ್ತವೆ, ಅವರು ಅದರಿಂದ ಏನು ಮಾಡುತ್ತಾರೆ ಎಂಬುದರಲ್ಲಿದೆ. ಹಿರಿಯರಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲೆ ಹಾಕಿಸುವುದು ಒಂದು. ‘ಇದು ಕ್ಯಾಮರಾ ಅಲ್ಲ ಬಿಡಮ್ಮಾ’ ಎಂದು ಹೇಳಿ ಹಾಕಿಸುವುದು ಇನ್ನೊಂದು. ಎರಡನೆಯದು ಎಷ್ಟೇ ಪ್ರೀತಿಯಿಂದ ಮಾಡಿದರೂ ಮೋಸವೇ.

ಗುಟ್ಟಿನ ಪ್ರಶ್ನೆಗಿಂತ ದೊಡ್ಡದು ಮೌನದ ಪ್ರಶ್ನೆ. ಸೆನ್ಸರಿನಿಂದ ಏನೂ ಸುದ್ದಿ ಬಂದಿಲ್ಲ. ಹಾಗೆಂದರೆ ಅರ್ಥವೇನು? ಎಲ್ಲ ಕ್ಷೇಮ ಎಂದೋ? ತಂತಿ ಕಿತ್ತುಹೋಗಿದೆ ಎಂದೋ? ಅಮ್ಮ ಕುರ್ಚಿಯಲ್ಲಿ ಹಾಯಾಗಿ ನಿದ್ದೆ ಹೋಗಿದ್ದಾರೆ ಎಂದೋ? ಅಥವಾ ಕುರ್ಚಿಯಲ್ಲಿ ಕೂತು ಅಳುತ್ತಿದ್ದಾರೆ ಎಂದೋ? ಇವೆಲ್ಲವೂ ಆ ಕಣ್ಣಿಗೆ ಒಂದೇ.

ಈ ತೊಡಕನ್ನು ನಮ್ಮ ಹಳೆಯ ಶಾಸ್ತ್ರಕಾರರು ಬಹಳ ಚೆನ್ನಾಗಿ ಬಲ್ಲವರಾಗಿದ್ದರು. ಕುಮಾರಿಲಭಟ್ಟರ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬ ಒಂದು ಪ್ರಮಾಣವನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ತಿಳಿಯುವುದು ಹೇಗೆ? ಅದು ಕಾಣದಿರುವುದರಿಂದ. ಆದರೆ ಕಾಣದಿದ್ದ ಮಾತ್ರಕ್ಕೆ ಇಲ್ಲ ಎಂದು ತೀರ್ಮಾನಿಸಲಾಗದು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಗಡಿಗೆ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಇದನ್ನೇ ‘ಯೋಗ್ಯಾನುಪಲಬ್ಧಿ’ ಎಂದರು. ನಮ್ಮ ಕಾಲದ ಸೆನ್ಸರಿಗೆ ಈ ಮಾತು ಅಳತೆ ತೆಗೆದು ಹೊಲಿದಂತಿದೆ. ಬಿದ್ದದ್ದು ಆ ಕಣ್ಣಿಗೆ ಕಂಡೇ ಕಾಣುತ್ತದೆ. ಆದ್ದರಿಂದ ಸೆನ್ಸರು ಸುಸ್ಥಿತಿಯಲ್ಲಿದ್ದರೆ, ಮೌನದಿಂದ ‘ಬಿದ್ದಿಲ್ಲ’ ಎಂದು ತಿಳಿಯಬಹುದು. ದುಃಖ ಆ ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಆದ್ದರಿಂದ ಮೌನದಿಂದ ‘ದುಃಖವಿಲ್ಲ’ ಎಂದು ತಿಳಿಯುವಂತಿಲ್ಲ. ಬಿದ್ದಿಲ್ಲ ಎಂಬ ಸುದ್ದಿಯನ್ನು ಚೆನ್ನಾಗಿದ್ದಾರೆ ಎಂಬ ಸುದ್ದಿಯೆಂದು ಓದಿಕೊಂಡರೆ ತಪ್ಪು ನಡೆಯುವುದು ಅಲ್ಲಿ.

ಯಂತ್ರವೇ ಬೇಡ, ಫೋನನ್ನೇ ತೆಗೆದುಕೊಳ್ಳೋಣ. ಭಾನುವಾರದ ಫೋನಿನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ ‘ಏನಮ್ಮಾ, ಏನು ವಿಶೇಷ?’ ಬರುವ ಉತ್ತರ ‘ಏನೂ ವಿಶೇಷ ಇಲ್ಲ ಕಣೋ, ಎಲ್ಲ ಎಂದಿನ ಹಾಗೇ. ಮಗು ಸರಿಯಾಗಿ ಊಟ ಮಾಡುತ್ತಾ?’ ಅಲ್ಲಿಗೆ ಮಾತು ನಮ್ಮ ಕಡೆಗೆ ತಿರುಗಿತು. ಈ ಪ್ರಶ್ನೆಯೇ ಈವೆಂಟ್ ಕ್ಯಾಮರಾದ ಪ್ರಶ್ನೆ. ವಿಶೇಷ ಇದ್ದರೆ ಹೇಳಿ, ಇಲ್ಲದಿದ್ದರೆ ಮುಂದಕ್ಕೆ. ಸಾಲದ್ದಕ್ಕೆ ಆ ಕಡೆಯವರೂ ವಿಶೇಷ ಎನ್ನುವುದರ ಮಟ್ಟವನ್ನು ಬಹಳ ಎತ್ತರದಲ್ಲಿ ಇಟ್ಟಿರುತ್ತಾರೆ. ‘ಅಷ್ಟು ದೂರದಲ್ಲಿರುವವರಿಗೆ ಯಾಕೆ ಚಿಂತೆ ಹಚ್ಚಬೇಕು’ ಎಂದು ಮಂಡಿನೋವನ್ನೂ, ಪಕ್ಕದ ಮನೆಯ ಗೆಳತಿ ಮಗನ ಊರಿಗೆ ಹೊರಟುಹೋದದ್ದನ್ನೂ, ರಾತ್ರಿ ಊಟವನ್ನು ಅವಲಕ್ಕಿ ಮೊಸರಿಗೆ ಇಳಿಸಿದ್ದನ್ನೂ ಹೇಳುವುದಿಲ್ಲ. ಶೇಕಡಾ 10ರ ಬದಲಾವಣೆಗೆ ಚೀಟಿ ಬರುವುದಿಲ್ಲ, 50ಕ್ಕೂ ಬರುವುದಿಲ್ಲ. ಆಸ್ಪತ್ರೆಗೆ ಸೇರಿದ ಮೇಲೆ, ಅದೂ ಯಾರೋ ಬಂಧುಗಳ ಮೂಲಕ ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಇಲ್ಲಿ ಬೆಟ್ಟವೇ ತನ್ನನ್ನು ನುಣ್ಣಗೆ ತೋರಿಸಿಕೊಳ್ಳುತ್ತಿದೆ, ಅಷ್ಟೇ.

ಒಂದು ವಿಷಯದಲ್ಲಂತೂ ಈ ಯಂತ್ರ ಮನುಷ್ಯ ಸ್ವಭಾವಕ್ಕಿಂತ ಮೇಲು. ಅದರ ಪಿಕ್ಸೆಲ್ಲು ಹೋಲಿಸುವುದು ನಿನ್ನೆಯ ಜೊತೆಗಲ್ಲ. ಹಿಂದೆ ವರದಿ ಮಾಡಿದ ಮಟ್ಟದ ಜೊತೆಗೆ. ಬೆಳಕು ಒಂದೇ ಸಲ ತಗ್ಗದೆ ಚೂರು ಚೂರಾಗಿ ತಗ್ಗಿದರೂ, ಆ ಚೂರುಗಳೆಲ್ಲ ಕೂಡಿ ಮಿತಿ ದಾಟಿದಾಗ ಚೀಟಿ ಹೊರಡುತ್ತದೆ. ಮನುಷ್ಯರ ರೂಢಿ ಬೇರೆ. ಈ ವಾರದ ದನಿಯನ್ನು ಕಳೆದ ವಾರದ ದನಿಯ ಜೊತೆ ಹೋಲಿಸುತ್ತೇವೆ, ವ್ಯತ್ಯಾಸ ಕಾಣದು. ಮುಂದಿನ ವಾರಕ್ಕೆ ಈ ವಾರದ್ದೇ ಹೊಸ ಅಳತೆಗೋಲು. ಹೀಗೆ ನೂರು ವಾರ ಕಳೆದರೂ ಒಂದು ಸಲವೂ ಮಿತಿ ದಾಟುವುದಿಲ್ಲ. ಎರಡು ವರ್ಷದ ಮೇಲೆ ರಜೆಗೆ ಹೋದವರು ಬಾಗಿಲಲ್ಲಿ ನಿಂತ ಅಪ್ಪನನ್ನು ಕಂಡು ‘ಎಷ್ಟು ಇಳಿದುಹೋಗಿದ್ದಾರೆ!’ ಎಂದು ಬೆಚ್ಚುತ್ತಾರೆ. ಅಪ್ಪ ಇಳಿದದ್ದು ಆ ದಿನವಲ್ಲ. ವಾರವಾರವೂ ಇಳಿಯುತ್ತಿದ್ದರು, ‘ಎಲ್ಲ ಎಂದಿನ ಹಾಗೇ’ ಎಂಬ ಮಾತಿನ ಹಿಂದೆ.

ದೂರದವರ ಮಾತು ಹೀಗಾದರೆ ಹತ್ತಿರದವರದು ಇನ್ನೊಂದು ಬಗೆ. ಹಿತ್ತಲ ಗಿಡ ಮದ್ದಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟುವ ಕೈ ಒಂದು ದಿನ ಜ್ವರ ಬಂದು ಮಲಗಿದಾಗ ಮಾತ್ರ ಮನೆಯವರ ಕಣ್ಣಿಗೆ ಬೀಳುತ್ತದೆ. ಸಂಘದ ವಿಷಯಕ್ಕೇ ಬಂದರೆ, ರಾಜ್ಯೋತ್ಸವದ ದಿನ ಎಲ್ಲರಿಗಿಂತ ಎರಡು ಗಂಟೆ ಮುಂಚೆ ಬಂದು ಹಾಲಿನ ಬೀಗ ತೆಗೆಸಿ, ಕುರ್ಚಿ ಜೋಡಿಸಿ, ಮೈಕು ಪರೀಕ್ಷಿಸಿ, ಕೊನೆಯಲ್ಲಿ ಪಾತ್ರೆ ತೊಳೆದು ಹೋಗುವವರು ಇದ್ದಾರೆ. ವಂದನಾರ್ಪಣೆಯಲ್ಲಿ ಮುಖ್ಯ ಅತಿಥಿಗಳ ಹೆಸರು ಬರುತ್ತದೆ, ಕುಣಿದ ಮಕ್ಕಳ ಹೆಸರು ಬರುತ್ತದೆ. ಪ್ರತಿವರ್ಷ ಒಂದೇ ರೀತಿ ಆಗುವ ಕೆಲಸ ‘ಈವೆಂಟ್’ ಅಲ್ಲವಲ್ಲ! ಒಂದು ವರ್ಷ ಅವರು ಬರದೆ ಮೈಕು ಕೈಕೊಟ್ಟರೆ ಆಗ ‘ಎಲ್ಲಿ ಅವರು?’ ಎಂದು ಹುಡುಕಾಟ. ಬದಲಾಗದೆ ಇರುವುದು ಎಂದರೆ ಏನೂ ಮಾಡದೆ ಇರುವುದು ಎಂದಲ್ಲ. ಎಷ್ಟೋ ವೇಳೆ, ಏನೂ ಬದಲಾಗದ ಹಾಗೆ ಹಿಡಿದು ನಿಲ್ಲಿಸಲು ಯಾರೋ ಒಬ್ಬರು ಹಗಲಿರುಳು ದುಡಿಯುತ್ತಿರುತ್ತಾರೆ.

ಇಲ್ಲಿ ಒಂದು ಎಚ್ಚರವನ್ನೂ ಹೇಳಬೇಕು. ಈ ಚುರುಕು ಕಣ್ಣು ಯುದ್ಧದವರ ಗಮನವನ್ನೂ ಸೆಳೆದಿದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ 2021ರಲ್ಲಿ ಈವೆಂಟ್ ಕ್ಯಾಮರಾಗಳನ್ನು ಬೆಳೆಸಲು ಒಂದು ಯೋಜನೆ ಹೂಡಿ ಮೂರು ಕಂಪನಿಗಳನ್ನು ಆರಿಸಿತು. ಚೆಂಡಿನಿಂದ ತಪ್ಪಿಸಿಕೊಂಡ ಆ ಡ್ರೋನಿಗೆ ಅದು ಚೆಂಡೆಂದು ತಿಳಿದಿರಬೇಕಾಗಿಲ್ಲ. ಏನೋ ಒಂದು ತನ್ನತ್ತ ಬರುತ್ತಿದೆ ಎಂದು ತಿಳಿದರೆ ಸಾಕು. ತಪ್ಪಿಸಿಕೊಳ್ಳುವುದಕ್ಕೆ ಅಷ್ಟು ಸಾಕು ಎಂಬುದನ್ನು ಒಪ್ಪೋಣ, ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಹೊಡೆಯುವುದಕ್ಕೆ ಅಷ್ಟು ಸಾಲದು. ಹೊಡೆಯುವವನು ಎದುರಿಗಿರುವುದು ಏನು, ಯಾರು ಎಂದು ತಿಳಿದಿರಲೇಬೇಕು. 3.5 ಮಿಲಿಸೆಕೆಂಡಿನಲ್ಲಿ ಯಾವ ಮನುಷ್ಯನಿಗೂ ವಿವೇಚನೆ ಮಾಡಲಾಗದು. ಆದ್ದರಿಂದ ಸರಿದು ನಿಲ್ಲುವ ವೇಗವನ್ನು ಯಂತ್ರಕ್ಕೆ ಕೊಡಬಹುದು, ಕೈ ಎತ್ತುವ ವೇಗವನ್ನು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ಇಂಥ ಕೆಲಸದಲ್ಲಿ ತೊಡಗಿರುವ ತರುಣ ಸದಸ್ಯರು ನಮ್ಮಲ್ಲಿದ್ದರೆ ಇದನ್ನು ಯೋಚಿಸಲಿ ಎಂದು ಬರೆದಿದ್ದೇವೆ. ಮನೆಯ ಮಾತಿಗೂ ಇದು ಸಲ್ಲುತ್ತದೆ. ಮಗ ಮಾರ್ಕ್ಸ್ ಕಾರ್ಡು ತಂದ ಕೂಡಲೆ ಬದಲಾದ ಅಂಕವೊಂದನ್ನೇ ಕಂಡು ಸಿಡಿಯುವ ತಂದೆಯೂ, ಎದುರಿಗಿರುವುದು ಯಾರು ಎಂದು ತಿಳಿಯುವ ಮುಂಚೆಯೇ ಕೈ ಎತ್ತಿದವನೇ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲರನ್ನೂ ಎಲ್ಲ ಹೊತ್ತೂ ಗಮನಿಸುತ್ತಿರಬೇಕೇ? ದಿನಕ್ಕೆ ನಾಲ್ಕು ಸಲ ಫೋನು ಮಾಡಿ ‘ಮಾತ್ರೆ ತೆಗೆದುಕೊಂಡಿರಾ’ ಎಂದು ವಿಚಾರಿಸಬೇಕೇ? ಅದು ಗಮನವಲ್ಲ, ಕಾಟ. ಸೆನ್ಸರಿನ ಮಿತಿಯನ್ನು ತೀರ ಕೆಳಗಿಟ್ಟರೆ ಗದ್ದಲವೇ ಹೆಚ್ಚಾಗಿ ಅರ್ಥವಿರುವ ಚೀಟಿಗಳು ಅದರಲ್ಲಿ ಮುಳುಗಿಹೋಗುತ್ತವೆ ಎಂದು ಈ ಕ್ಷೇತ್ರದವರು ಬಲ್ಲರು. ಮಿತಿ ಎಲ್ಲಿರಬೇಕು ಎಂಬುದನ್ನು ನೋಡುವವರು ಒಬ್ಬರೇ ಗೊತ್ತು ಮಾಡಬಾರದು, ನೋಡಿಸಿಕೊಳ್ಳುವವರೂ ಕೂತು ಮಾತಾಡಬೇಕು. ‘ಯಾವುದನ್ನು ನಮಗೆ ತಿಳಿಸುತ್ತೀರಿ, ಯಾವುದನ್ನು ಕೇಳಿದರೆ ನಿಮಗೆ ಬೇಸರ?’ ಎಂದು ಅಪ್ಪ ಅಮ್ಮನನ್ನು ಒಮ್ಮೆ ನೇರವಾಗಿ ಕೇಳಿ ನೋಡಿ. ಉತ್ತರ ಅನೇಕರಿಗೆ ಆಶ್ಚರ್ಯ ತರಬಹುದು.

ಎರಡನೆಯದು, ಮೇರಿಲ್ಯಾಂಡಿನವರ ಪಟ್ಟಕದಿಂದ ಕಲಿಯುವ ಪಾಠ. ಎದುರಿನದು ಅಲುಗದಿದ್ದಾಗ ಕಾಣಬೇಕಾದರೆ ನೋಡುವವರೇ ಅಲುಗಬೇಕು. ಅಲುಗದವರ ಮೇಲೆ ‘ನೀವೇಕೆ ಹೇಳಲಿಲ್ಲ’ ಎಂದು ಹೊರೆ ಹಾಕುವಂತಿಲ್ಲ. ಕಾಣುವ ಹೊಣೆ ಕಣ್ಣಿನದು. ಅಲುಗುವುದು ಎಂದರೆ ವಿಮಾನದ ಟಿಕೆಟ್ಟೇ ಆಗಬೇಕಿಲ್ಲ, ಅದು ಎಲ್ಲರಿಗೂ ಎಲ್ಲ ಕಾಲದಲ್ಲೂ ಸಾಧ್ಯವಿಲ್ಲ. ಪ್ರಶ್ನೆಯನ್ನು ಸ್ವಲ್ಪ ಕದಲಿಸಿದರೂ ಸಾಕು. ‘ಏನು ವಿಶೇಷ?’ ಎಂಬ ಕಡೆಯಿಂದ ‘ಇವತ್ತು ಏನು ಅಡುಗೆ? ಯಾರು ಬಂದಿದ್ದರು? ಸಂಜೆ ಎಲ್ಲಿಯವರೆಗೆ ನಡೆದಿರಿ?’ ಎಂಬ ಕಡೆಗೆ. ಎಂದಿನ ಹಾಗೆ ಎಂದರೆ ಹೇಗೆ ಎಂದು ಕೇಳುವ ಕಡೆಗೆ. ಹೋದ ವರ್ಷ ದೇವಸ್ಥಾನದವರೆಗೆ ನಡೆಯುತ್ತಿದ್ದವರು ಈಗ ಮೂಲೆಯ ಅಂಗಡಿಯವರೆಗೆ ಮಾತ್ರ ಹೋಗುತ್ತಾರೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಹೋಲಿಕೆ ಹಿಂದಿನ ವಾರದ ಜೊತೆಗಲ್ಲ, ಹಿಂದಿನ ವರ್ಷದ ಜೊತೆ ಇರಲಿ. ಬೇಕಾದರೆ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಗುಮಾಸ್ತನ ಲೆಡ್ಜರಿಗೂ ಅದರದೇ ಬೆಲೆ ಇದೆ.

ಇಷ್ಟರಿಂದ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಸಮುದ್ರದಾಚೆ ಮನೆಮಾಡಿದವರಿಗೆ ಈ ದೂರ ಪೂರ್ತಿ ನೀಗುವ ದೂರವಲ್ಲ. ಬೀಳುವುದನ್ನು ನೋಡಿಕೊಳ್ಳಲು ಸೆನ್ಸರು ಬಂದರೆ ಬರಲಿ, ಒಳ್ಳೆಯದೇ. ಅದು ಮಾಡಬಲ್ಲ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಬೀಳದೆ, ಕೂಗದೆ, ಎಂದಿನಂತೆ ಕೂತಿರುವವರನ್ನು ನೋಡುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ. ಅದನ್ನು ವಹಿಸಿಕೊಡಲು ಬೇರೆ ಯಾರೂ ಇಲ್ಲ.

ಈ ವಿಷಯದಲ್ಲಿ ಸದಸ್ಯರಿಗೆ ಬೇರೆ ಅಭಿಪ್ರಾಯಗಳಿದ್ದರೆ ಬರೆದು ಕಳಿಸಿ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿ ಕೆಲಕಾಲ ಇರುವ ಹಿರಿಯರು ಬರೆದರಂತೂ ಬಹಳ ಸಂತೋಷ. ನೋಡುವವರ ಮಾತು ಇಲ್ಲಿಗೆ ಸಾಕಷ್ಟಾಯಿತು. ನೋಡಿಸಿಕೊಳ್ಳುವವರ ಮಾತನ್ನು ಮುಂದಿನ ಸಂಚಿಕೆಯಲ್ಲಿ ಮೊದಲ ಪುಟದಲ್ಲೇ ಹಾಕುತ್ತೇವೆ.